ಮಣ್ಣೊಳಗೆ ಹೋದವರು ಎಷ್ಟು ದಿನ ಇರ್ತಾರೆ?

‘ಇವರಿಗೆ ಸ್ವಾಮಿಗಳ ಹುಚ್ಚು ಹಿಡಿದಿದೆ, ಹೇಗಾದರೂ ಬಿಡಿಸಿಕೊಡಿ’ ಎಂದು ಕೇಳಿಕೊಂಡು ಬರುವ ಮನೆಯವರು ಈಚೆಗೆ ಜಾಸ್ತಿ. ಒಬ್ಬರ ಮನೆಯಲ್ಲಿ ಗಂಡ, ಇನ್ನೊಬ್ಬರ ಮನೆಯಲ್ಲಿ ಮಗ, ಮತ್ತೊಂದು ಕಡೆ ಅತ್ತೆ. ಮಡಿಕೇರಿಯಲ್ಲಿ ಕೂತು ಆಪ್ತಸಲಹೆ ಮಾಡುವ ನಾನು ಎಲ್ಲರಿಗೂ ಮೊದಲು ಹೇಳುವುದು ಒಂದೇ. ಭಕ್ತಿ ಕಾಯಿಲೆ ಅಲ್ಲ. ಅದನ್ನು ಬಿಡಿಸುವುದು ನನ್ನ ಕೆಲಸವೂ ಅಲ್ಲ. ಈ ಮಾತು ಕೇಳಿ ಎದ್ದು ಹೋದವರಿದ್ದಾರೆ. ಉಳಿದವರಿಗಾಗಿ ಒಂದು ಪ್ರಕರಣ ಬರೆಯುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ.

ಸೋಮವಾರಪೇಟೆ ಕಡೆಯ ಲಿಂಗಾಯತ ಕುಟುಂಬ. ಸಣ್ಣ ಕಾಫಿ ತೋಟ, ಮರಕ್ಕೆ ಹಬ್ಬಿಸಿದ ಕರಿಮೆಣಸು. ಗಂಡನಿಗೆ ನಲವತ್ತರ ಆಸುಪಾಸು, ಸಕ್ಕರೆ ಕಾಯಿಲೆ ಇದೆ. ಕರೆತಂದವರು ಹೆಂಡತಿ. 2018, 2019, 2020, ಮೂರು ವರ್ಷವೂ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. ಅಂಥ ಒಂದು ಮಳೆಯಲ್ಲಿ ಇವರ ತೋಟದ ಒಂದು ಭಾಗ ಹೋಯಿತು. ಅಪ್ಪನೂ ಹೋದರು. ದೇಹ ಸಿಗಲಿಲ್ಲ.

ಹೆಂಡತಿ ಇದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋದರು. ಅವರು ಹೇಳಬೇಕಾಗಿದ್ದದ್ದು ಆಮೇಲಿನದ್ದು. ‘ಭೀಮನ ಅಮಾವಾಸ್ಯೆ ದಿನ ಪೂಜೆ ಮಾಡೋಣ ಅಂದ್ರೆ ಗಂಡನೇ ಮನೇಲಿರಲ್ಲ ಮೇಡಂ. ಪ್ರತಿ ವರ್ಷ ಆವತ್ತು ತಮಿಳುನಾಡಿನ ಯಾವುದೋ ಬೆಟ್ಟದ ಮೇಲಿರ್ತಾರೆ.’

ಆ ಬೆಟ್ಟ ಚತುರಗಿರಿ. ನಮ್ಮ ಭೀಮನ ಅಮಾವಾಸ್ಯೆ ಅಲ್ಲಿಯವರಿಗೆ ಆಡಿ ಅಮಾವಾಸ್ಯೆ. ಸಾವನ್ನು ಗೆದ್ದ ಯೋಗಿಗಳಾದ ಸಿದ್ಧರು ಇನ್ನೂ ಓಡಾಡುವ ಬೆಟ್ಟ ಎಂದು ನಂಬಿ ಸಾವಿರಾರು ಜನ ಹತ್ತುತ್ತಾರೆ. ಅಲ್ಲಿಗೆ ಈ ಗಂಡ ಒಮ್ಮೆಲೇ ಹೋದದ್ದಲ್ಲ. ಶುರುವಾದದ್ದು ಮನೆದೇವರ ಊರಿನಿಂದ. ಕುಣಿಗಲ್ ಹತ್ತಿರದ ಎಡೆಯೂರು, ಅಲ್ಲಿ ಸಿದ್ಧಲಿಂಗೇಶ್ವರರ ಗದ್ದುಗೆ. ಸಿದ್ಧಲಿಂಗ ಯತಿಗಳು ಜೀವಂತವಾಗಿಯೇ ಸಮಾಧಿಗೆ ಕೂತರು ಎಂಬುದು ಭಕ್ತರ ನಂಬಿಕೆ. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ತೇರು ನೋಡಿದ ಜಾಗ. ಆಮೇಲೆ ಹುಬ್ಬಳ್ಳಿಯ ಸಿದ್ಧಾರೂಢ ಮಠ. ಅಲ್ಲಿಂದ ತಿರುವಣ್ಣಾಮಲೈ, ಹುಣ್ಣಿಮೆಯ ರಾತ್ರಿ ಬೆಟ್ಟದ ಸುತ್ತ ಹದಿನಾಲ್ಕು ಕಿಲೋಮೀಟರ್ ಬರಿಗಾಲಿನ ಪ್ರದಕ್ಷಿಣೆ. ಆಮೇಲೆ ಪಳನಿ. ಅಲ್ಲಿನ ಮೂರ್ತಿಯನ್ನು ಒಂಬತ್ತು ಪಾಷಾಣ ಸೇರಿಸಿ ಮಾಡಿದವರು ಭೋಗರ್ ಎಂಬ ಸಿದ್ಧರು, ಅವರ ಸಮಾಧಿಯೂ ಅದೇ ಗುಡಿಯಲ್ಲಿದೆ ಎನ್ನುತ್ತಾರೆ.

‘ನೀವು ಹುಟ್ಟಿದ ಸಂಪ್ರದಾಯ ಬಿಟ್ಟು ದೂರ ಹೋಗಿದ್ದೀರಿ ಅಂತ ಮನೆಯವರಿಗೆ ಬೇಜಾರು’ ಎಂದೆ. ಅವರು ತಟ್ಟನೆ ಉತ್ತರ ಕೊಟ್ಟರು. ‘ತಮಿಳರ ಹದಿನೆಂಟು ಸಿದ್ಧರಲ್ಲಿ ಮೊದಲನೆಯವರು ಅಗಸ್ತ್ಯರು. ಕಾವೇರಿ ತಾಯಿ ಯಾರ ಕಮಂಡಲದಿಂದ ಹರಿದಳು ಅಂತ ತಲಕಾವೇರಿಯಲ್ಲಿ ಕೇಳಿ. ನಾನೆಲ್ಲಿ ದೂರ ಹೋಗಿದ್ದೀನಿ ಮೇಡಂ?’ ಹೀಗೆ ಯೋಚಿಸಿ ಮಾತಾಡುವ ಮನುಷ್ಯನನ್ನು ಹುಚ್ಚು ಎನ್ನಲು ನನಗೆ ಮನಸ್ಸಾಗಲಿಲ್ಲ.

ಚಿಂತೆ ಹುಟ್ಟಿಸಿದ ಸಂಗತಿಗಳು ಬೇರೆ ಇದ್ದವು. ಬೆಟ್ಟದಲ್ಲಿ ಪರಿಚಯವಾದ ಒಬ್ಬ ಗುರು, ಫೋನಿನಲ್ಲೇ ನಡೆಯುವ ಅಮಾವಾಸ್ಯೆ ಪೂಜೆ, ಪ್ರತಿ ಪೂಜೆಗೂ ಮುಂಚೆ ಕಳಿಸಬೇಕಾದ ದುಡ್ಡು. ಒಂದು ವರ್ಷದ ಮೆಣಸಿನ ದುಡ್ಡು ಬಹುಪಾಲು ಅಲ್ಲಿಗೇ ಹೋಗಿತ್ತು. ಅದಕ್ಕಿಂತ ದೊಡ್ಡದು, ಸಕ್ಕರೆ ಮಾತ್ರೆ ನಿಲ್ಲಿಸಿ ಆ ಗುರು ಕೊಟ್ಟ ಭಸ್ಮ ತಿನ್ನುತ್ತಿದ್ದರು. ಕಾಯಸಿದ್ಧಿಗೆ, ಅಂದರೆ ಮೈ ಅಳಿಯದ ಹಾಗೆ ಆಗಲಿಕ್ಕೆ ಅಂತೆ. ತೋಟದ ಪಹಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಮರಣಪತ್ರಕ್ಕೆ ಅರ್ಜಿ ಹಾಕೋಣ ಎಂದು ತಮ್ಮ ಹೇಳಿದರೆ ಇವರು ಸಹಿ ಹಾಕುತ್ತಿರಲಿಲ್ಲ. ಅವ್ವ ತಾಳಿ ತೆಗೆದಿರಲಿಲ್ಲ.

ಮೊದಲ ಭೇಟಿಗಳಲ್ಲಿ ಹೆಚ್ಚೇನೂ ಆಗಲಿಲ್ಲ. ಬಸ್ಸಿಳಿದು ನೇರ ನನ್ನ ಹತ್ತಿರ ಬರುತ್ತಿರಲಿಲ್ಲ, ಮೊದಲು ಕೊಡಗಿನ ರಾಜರ ಗದ್ದುಗೆಗೆ ಹೋಗಿ ಕೂರುತ್ತಿದ್ದರು. 1820ರಲ್ಲಿ ತೀರಿಕೊಂಡ ಲಿಂಗರಾಜೇಂದ್ರ, ಅವರ ಅಣ್ಣ ದೊಡ್ಡವೀರರಾಜೇಂದ್ರ, ಜೊತೆಗೆ ಅರಮನೆಯ ಗುರು, ಮೂವರ ಗದ್ದುಗೆಯೂ ಅಲ್ಲಿದೆ. ಬೇರೆಯವರು ಫೋಟೊ ತೆಗೆಸಿಕೊಳ್ಳುವ ಜಾಗದಲ್ಲಿ ಇವರು ಸುಮ್ನೆ ಕೂತಿರುತ್ತಾರೆ ಎಂದು ಹೆಂಡತಿ ಹೇಳಿದಾಗ ನನಗೆ ಏನೋ ಹೊಳೆಯಿತು. ಎಡೆಯೂರು, ಹುಬ್ಬಳ್ಳಿ, ಪಳನಿ, ಮಡಿಕೇರಿ. ಅವರು ಹುಡುಕಿಕೊಂಡು ಹೋದದ್ದೆಲ್ಲ ಸಮಾಧಿಗಳನ್ನು.

ಮುಂದಿನ ಸಲ ಒಬ್ಬರನ್ನೇ ಬರಹೇಳಿದೆ. ಜುಲೈ ತಿಂಗಳು, ಶೀಟಿನ ಮೇಲೆ ಮಳೆ ಬೀಳುತ್ತಿತ್ತು. ಮಳೆ ಜೋರಾದಾಗೆಲ್ಲ ಅವರು ಮಾತು ನಿಲ್ಲಿಸುತ್ತಿದ್ದರು.

‘ಗದ್ದುಗೆ ಮುಂದೆ ಕೂತಾಗ ಏನು ಬೇಡಿಕೊಳ್ತೀರಿ?’

‘ಏನೂ ಬೇಡಿಕೊಳ್ಳಲ್ಲ.’

‘ಮತ್ತೆ?’

‘ಜನ ಇಲ್ಲದಾಗ ನೆಲಕ್ಕೆ ಕಿವಿ ಇಟ್ಟು ಕೇಳ್ತೀನಿ.’

ನಾನು ಕಾದೆ. ಅವರು ನೆಲ ನೋಡುತ್ತಲೇ ಕೇಳಿದರು. ‘ಜೀವಂತವಾಗಿ ಮಣ್ಣೊಳಗೆ ಹೋದವರು ಎಷ್ಟು ದಿನ ಇರ್ತಾರೆ ಮೇಡಂ?’

ಇದೇ ಪ್ರಶ್ನೆಯನ್ನು ಅವರು ಆ ಗುರುವಿಗೂ ಕೇಳಿದ್ದರಂತೆ. ಗುರು ಹೇಳಿದ್ದು: ನಿಮ್ಮ ತಂದೆ ಸತ್ತಿಲ್ಲ, ಸಿದ್ಧರು ಒಳಗೆ ಕರೆದುಕೊಂಡಿದ್ದಾರೆ, ಅಮಾವಾಸ್ಯೆ ಪೂಜೆ ಬಿಡದೆ ನಡೆಸಿದರೆ ಒಂದು ದಿನ ದರ್ಶನ ಕೊಡಿಸುತ್ತೇನೆ.

ಅವತ್ತು ಅವರು ಮೊದಲ ಸಲ ಆ ದಿನದ ಕಥೆ ಪೂರ್ತಿ ಹೇಳಿದರು. ಮನೆ ಹಿಂದಿನ ಬರೆಯಿಂದ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆಯಿಂದ, ಕೆಸರು ನೀರು ಬರುತ್ತಿತ್ತು. ಚರಂಡಿ ಬಿಡಿಸಿ ಬರ್ತೀನಿ ಎಂದು ಅಪ್ಪ ಗುದ್ದಲಿ ಹಿಡಿದು ಹೋದರು. ಇವರು ಒಳಗೆ ಅವ್ವನ ಜೊತೆ ಅಕ್ಕಿ ಮೂಟೆ ಎತ್ತಿಡುತ್ತಿದ್ದರು. ಶಬ್ದ ಕೇಳಿ ಓಡಿಬಂದಾಗ ಹಿಂದೆ ಚರಂಡಿಯೂ ಇರಲಿಲ್ಲ, ಬರೆಯೂ ಇರಲಿಲ್ಲ. ಜೆಸಿಬಿ ಬಂದದ್ದು ರಸ್ತೆ ಬಿಡಿಸಿದ ಮೇಲೆ. ಎಷ್ಟೋ ದಿನ ಹುಡುಕಿ ಕೊನೆಗೆ ನಿಲ್ಲಿಸಿದರು. ಸಾಕು, ನಿಲ್ಲಿಸಿ ಎಂದು ಒಪ್ಪಿಗೆ ಕೊಟ್ಟದ್ದು ಇವರೇ, ಮನೆಯ ಹಿರಿಮಗ. ಆ ಒಪ್ಪಿಗೆ ಕೊಟ್ಟ ಹೊತ್ತಿನಲ್ಲಿ ಅಪ್ಪ ಕೆಳಗೆ ಇನ್ನೂ ಉಸಿರಾಡುತ್ತಿದ್ದರೆ? ಈ ಪ್ರಶ್ನೆ ಹೊತ್ತುಕೊಂಡು ಅವರು ಒಂದೊಂದೇ ಗದ್ದುಗೆಯ ಮುಂದೆ ಕೂತಿದ್ದರು.

ಅವರ ಮನೆತನದ ಕ್ರಮ ನಿಮಗೆ ಗೊತ್ತಿರಬಹುದು. ಲಿಂಗಾಯತರು ಸತ್ತವರನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ‘ಅಪ್ಪನ್ನ ಕೂರಿಸಲೂ ಇಲ್ಲ ಮೇಡಂ’ ಎಂದರು.

ನಾನು ಹೀಗೆ ಉತ್ತರ ಕೊಟ್ಟೆ. ‘ಸಿದ್ಧರು ಎಷ್ಟು ಕಾಲ ಇರುತ್ತಾರೆ ಅನ್ನುವುದು ನಿಮ್ಮ ನಂಬಿಕೆ. ಅದಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ನಿಮ್ಮ ಅಪ್ಪ ಸಮಾಧಿಗೆ ಕೂತವರಲ್ಲ. ಮನೆ ಉಳಿಸಲು ಗುದ್ದಲಿ ಹಿಡಿದು ಹೋದವರು. ಅಷ್ಟು ಮಣ್ಣು ಒಮ್ಮೆಲೇ ಮೈಮೇಲೆ ಬಿದ್ದರೆ ಎದೆ ಹಿಗ್ಗಲು ಜಾಗ ಇರುವುದಿಲ್ಲ. ಗಾಳಿ ಸಿಗುವ ಪೊಳ್ಳು ಇಲ್ಲದಿದ್ದರೆ ಕೆಲವೇ ನಿಮಿಷ, ಅಷ್ಟೇ. ದಿನಗಳ ಮಾತೇ ಇಲ್ಲ.’

‘ಹಾಗಾದ್ರೆ ನಾನು ಸಾಕು ಅಂದಾಗ...’

‘ಆಗ ಅವರು ಇರಲಿಲ್ಲ. ಜೆಸಿಬಿ ಬರುವ ಎಷ್ಟೋ ಮೊದಲೇ ಇರಲಿಲ್ಲ.’

ತುಂಬಾ ಹೊತ್ತು ಅತ್ತರು. ನಾನು ತಡೆಯಲಿಲ್ಲ. ಕೊನೆಗೆ ಅವರ ಬಾಯಿಂದ ಬಂದದ್ದು, ‘ಅವ್ವನಿಗೆ ಯಾರು ಹೇಳೋದು?’

ಈ ಉತ್ತರದ ಬಗ್ಗೆ ಇದೇ ಕೆಲಸದಲ್ಲಿರುವ ಕೆಲವು ಗೆಳೆಯರು ಬೇಸರಪಟ್ಟರು. ಅಷ್ಟು ನೇರವಾಗಿ ಹೇಳಬೇಕಿತ್ತಾ, ಅವರೇ ನಿಧಾನಕ್ಕೆ ಅಲ್ಲಿಗೆ ಬರಲು ಬಿಡಬಹುದಿತ್ತಲ್ವಾ ಎಂದು. ನಾನು ಒಪ್ಪುವುದಿಲ್ಲ. ಅವರು ಕೇಳಿದ್ದು ಮೈಯ ಬಗೆಗಿನ ಪ್ರಶ್ನೆ, ಅದಕ್ಕೆ ನಿಜವಾದ ಉತ್ತರ ಇದೆ. ಉತ್ತರ ಗೊತ್ತಿದ್ದೂ ‘ನಿಮಗೆ ಏನನ್ನಿಸುತ್ತದೆ?’ ಎಂದು ತಿರುಗಿ ಕೇಳುವುದು ಅವರನ್ನು ಇನ್ನೊಂದು ವರ್ಷ ನೆಲಕ್ಕೆ ಕಿವಿ ಇಡಲು ಕಳಿಸಿದಂತೆ. ದೇಹ ಸಿಗದ ಸಾವಿನಲ್ಲಿ ಮನೆಯವರಿಗೆ ಅಳಲೂ ಹಕ್ಕಿಲ್ಲ ಅನ್ನಿಸುತ್ತದೆ. ಅತ್ತರೆ ಕೊಂದ ಹಾಗೆ, ಸಹಿ ಹಾಕಿದರೆ ಕೊಂದ ಹಾಗೆ. ಆ ಹೊರೆಯನ್ನು ಯಾರಾದರೂ ಹೊರಗಿನವರು ಬಾಯಿಬಿಟ್ಟು ಇಳಿಸಬೇಕು.

ಇನ್ನೊಂದು ಕಡೆಯಿಂದಲೂ ಟೀಕೆ ಬಂತು. ಹೆಂಡತಿಯ ತವರಿನವರದ್ದು. ತಿರುವಣ್ಣಾಮಲೈಗೆ ಹೋಗುವುದನ್ನು ನಿಲ್ಲಿಸಿ ಎಂದು ನಾನು ಹೇಳಲಿಲ್ಲವೆಂದು ಅವರಿಗೆ ಸಿಟ್ಟು. ಯಾಕೆ ಹೇಳಬೇಕು? ಹುಣ್ಣಿಮೆಯ ಆ ನಡಿಗೆಯಲ್ಲಿ ಅವರಿಗೆ ನಿದ್ದೆ ಬರುವಷ್ಟು ನೆಮ್ಮದಿ ಸಿಗುತ್ತಿತ್ತು. ಯಾರೂ ದುಡ್ಡು ಕೇಳುತ್ತಿರಲಿಲ್ಲ, ಯಾರೂ ಮಾತ್ರೆ ಬಿಡು ಎನ್ನುತ್ತಿರಲಿಲ್ಲ. ಹೋಗಿ ಎಂದೆ. ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆದ ಮೇಲೆ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಲೇಬೇಕು ಎಂದೆ. ಜೋಮು ಹಿಡಿದ ಕಾಲಿಗೆ ಗಾಯವಾದರೂ ಗೊತ್ತಾಗುವುದಿಲ್ಲ.

ಭಸ್ಮದ ವಿಷಯದಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಮಾರನೆಯ ದಿನವೇ ಡಾಕ್ಟರ ಹತ್ತಿರ ಹೋಗಬೇಕು, ಭಸ್ಮದ ಪೊಟ್ಟಣ ತೋರಿಸಬೇಕು, ರಕ್ತ ಮತ್ತು ಕಿಡ್ನಿ ಪರೀಕ್ಷೆ ಮಾಡಿಸಬೇಕು ಎಂದೆ. ಸಿದ್ಧ ವೈದ್ಯವನ್ನು ಹೀಗಳೆಯುವ ಮಾತಲ್ಲ ಇದು. ಅದು ಸರ್ಕಾರ ಮಾನ್ಯ ಮಾಡಿದ ಪದ್ಧತಿ. ಚೆನ್ನೈ ಪಕ್ಕದ ತಾಂಬರಂನಲ್ಲಿ ರಾಷ್ಟ್ರೀಯ ಸಿದ್ಧ ಸಂಸ್ಥೆಯೇ ಇದೆ, ಐದೂವರೆ ವರ್ಷ ಓದಿ ಪದವಿ ಪಡೆದ ವೈದ್ಯರಿದ್ದಾರೆ. ಪಾದರಸ ಸೇರಿದ ಔಷಧಿ ಎಷ್ಟು ಅಪಾಯ ಎಂದು ಚೆನ್ನಾಗಿ ಗೊತ್ತಿರುವುದು ಅವರಿಗೇ. ಬೆಟ್ಟದಲ್ಲಿ ಸಿಕ್ಕವರು ಕಾಗದದಲ್ಲಿ ಕಟ್ಟಿಕೊಟ್ಟ ಪುಡಿಯಲ್ಲಿ ಏನಿದೆ ಎಂದು ಯಾರು ಹೇಳುತ್ತಾರೆ? ಪಾದರಸ ಹೆಚ್ಚಾದರೆ ಕಿಡ್ನಿಗೂ ನರಕ್ಕೂ ಪೆಟ್ಟು. ಸಕ್ಕರೆ ಕಾಯಿಲೆ ಮೊದಲೇ ಆ ಎರಡರ ಮೇಲೆ ಕಣ್ಣಿಟ್ಟಿರುತ್ತದೆ.

ಅವರು ವಾದ ಮಾಡಿದರು. ಸಿದ್ಧರ ದೇಹ ವಜ್ರದ ಹಾಗೆ ಆಗುತ್ತದಂತೆ. ಆಗ ನಾನು ಅವರ ಮನೆಯ ಕಥೆಯನ್ನೇ ಕೇಳಿದೆ. ಸಿದ್ಧ ಗೋರಕ್ಷನಿಗೂ ಶರಣ ಅಲ್ಲಮನಿಗೂ ಏನಾಯಿತು ಎಂದು. ಅಪ್ಪ ಹೇಳಿದ ಕಥೆ, ಅವರೇ ಪೂರ್ತಿ ಹೇಳಿದರು. ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಖಣಿಲ್ ಎಂದಿತು. ಅಲ್ಲಮನಿಗೆ ಬೀಸಿದರೆ ಕತ್ತಿ ಗಾಳಿಯಲ್ಲಿ ಹೋದ ಹಾಗೆ ಹೋಯಿತು. ಗೋರಕ್ಷ ತಲೆಬಾಗಿದ. ‘ಮೈ ಗಟ್ಟಿ ಮಾಡಿಕೊಂಡವರು ಗೆಲ್ಲಲಿಲ್ಲ ಅಲ್ವಾ?’ ಎಂದೆ. ರಮಣ ಮಹರ್ಷಿಗಳ ವಿಷಯವನ್ನೂ ನೆನಪಿಸಿದೆ. ತೋಳಿನಲ್ಲಿ ಗೆಡ್ಡೆ ಬಂದಾಗ ಅವರು ಡಾಕ್ಟರ ಮುಂದೆ ಕೈ ಚಾಚಿ ಕೂತರು, ಒಂದಕ್ಕಿಂತ ಹೆಚ್ಚು ಸಲ ಶಸ್ತ್ರಚಿಕಿತ್ಸೆ ಆಯಿತು, 1950ರಲ್ಲಿ ದೇಹ ಬಿಟ್ಟರು. ಕೈ ಕತ್ತರಿಸಲು ಒಪ್ಪದಿದ್ದರೂ, ನೀವು ಸುತ್ತುವ ಬೆಟ್ಟದ ಗುರುವೇ ಡಾಕ್ಟರ ಚಿಕಿತ್ಸೆಗೆ ಮೈ ಒಡ್ಡಿದರು. ಮಾತ್ರೆ ಮತ್ತೆ ಶುರುವಾಯಿತು.

ಆ ಗುರು ಸುಳ್ಳು ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಅವರು ಗುರುವಿನ ಪರ ನಿಲ್ಲುತ್ತಿದ್ದರು, ನನ್ನ ಹತ್ತಿರ ಬರುವುದು ನಿಲ್ಲುತ್ತಿತ್ತು. ‘ಮುಂದಿನ ಪೂಜೆಗೆ ಕೂರುತ್ತೇನೆ, ದುಡ್ಡು ಮಾತ್ರ ಕಳಿಸಲು ಆಗುವುದಿಲ್ಲ ಎಂದು ಹೇಳಿ ನೋಡಿ’ ಎಂದೆ. ಹೇಳಿದರು. ಗುರು ಬೈಯಲಿಲ್ಲ, ಶಾಪ ಹಾಕಲಿಲ್ಲ. ಫೋನ್ ಎತ್ತುವುದನ್ನು ನಿಲ್ಲಿಸಿದರು, ಅಷ್ಟೇ. ಇದರಿಂದ ಅವರು ಬಿಡುಗಡೆಯಾದ ಹಾಗೆ ಇರಲಿಲ್ಲ. ಇನ್ನೊಬ್ಬ ಹಿರಿಯರನ್ನು ಕಳೆದುಕೊಂಡ ಹಾಗೆ ಕುಗ್ಗಿದರು. ಮನೆಯವರು ಇದಕ್ಕೆ ತಯಾರಿರಬೇಕು. ‘ನೋಡಿದ್ಯಾ, ನಾವು ಆಗಲೇ ಹೇಳಿರಲಿಲ್ವಾ?’ ಎಂಬ ಮಾತು ಆ ಹೊತ್ತಿನಲ್ಲಿ ಬೇಡವೇ ಬೇಡ.

ನಿಮ್ಮ ಮನೆಯಲ್ಲೂ ಯಾರಾದರೂ ಗುರುಗಳ ಹಿಂದೆ ಹೊರಟಿದ್ದರೆ, ಜಗಳಕ್ಕೆ ಮೊದಲು ಒಮ್ಮೆ ಅವರ ಜೊತೆ ಹೋಗಿ ಬನ್ನಿ. ಅಲ್ಲಿ ಏನು ಮಾಡುತ್ತಾರೆ ನೋಡಿ, ಯಾಕೆ ಎಂದು ಕೇಳಿ. ಊಟ, ನಿದ್ದೆ, ತೋಟದ ಕೆಲಸ ನಡೆಯುತ್ತಿದ್ದರೆ ಭಯ ಬೇಡ. ಔಷಧಿ ಬಿಡಿಸುವ, ಮನೆಯವರಿಂದ ಮುಚ್ಚಿಡು ಎನ್ನುವ, ಸತ್ತವರನ್ನು ತೋರಿಸುತ್ತೇನೆ ಎಂದು ದುಡ್ಡು ಕೇಳುವ ಗುರು ಇದ್ದರೆ ತಡ ಮಾಡಬೇಡಿ. ಹತ್ತಿರ ಯಾರೂ ಸಿಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಪ್ಪನ ಕಾರ್ಯದ ಬಗ್ಗೆ ನಾನು ಏನೂ ಸೂಚಿಸಲಿಲ್ಲ, ನಿಮ್ಮ ಮಠದ ಸ್ವಾಮಿಗಳನ್ನೇ ಕೇಳಿ ಎಂದೆ. ಸ್ವಾಮಿಗಳು ಮನೆಗೆ ಬಂದು, ಅವ್ವನ ಪಕ್ಕ ಕೂತು ಮಾತಾಡಿದರಂತೆ. ಆ ವರ್ಷದ ಭೀಮನ ಅಮಾವಾಸ್ಯೆಗೆ ಗಂಡ ಮನೆಯಲ್ಲೇ ಇದ್ದರು. ಆಗಸ್ಟ್‌ನಲ್ಲಿ ಗುಡ್ಡ ಜರಿದ ಜಾಗದ ಅಂಚಿನಲ್ಲಿ ಅಪ್ಪನ ಹೆಸರಿನಲ್ಲಿ ವಿಭೂತಿ, ಬಿಲ್ವಪತ್ರೆ ಇಟ್ಟು, ಶಿವಗಣಾರಾಧನೆ ಮಾಡಿ ಊರಿಗೆ ಊಟ ಹಾಕಿದರು. ಮರಣಪತ್ರದ ಅರ್ಜಿಗೆ ಸಹಿ ಬಿದ್ದಿದೆ. ಅವ್ವ ತಾಳಿ ತೆಗೆದಿಲ್ಲ. ಅದನ್ನು ಏನು ಮಾಡೋಣ ಎಂದು ಮಗ ಕೇಳಿದಾಗ, ಅದು ಅವರ ತೀರ್ಮಾನ, ನೀವು ಯಾರೂ ಆ ಮಾತು ಎತ್ತಬೇಡಿ ಎಂದು ಹೇಳಿ ಕಳಿಸಿದೆ.