ಈ ಪತ್ರವನ್ನು ಮೊದಲು ಕೇಳಬೇಕಾದವರು ಬೇರೆ

ನಿಮ್ಮ ನಾಲ್ಕು ಪುಟದ ಪತ್ರ ಓದಿ ಮುಗಿಸಿದ ಮೇಲೂ ಕೊನೆಯ ಪುಟದ ಒಂದು ಸಾಲು ನನ್ನನ್ನು ಬಿಡಲಿಲ್ಲ.

ವಿಷಯ ಇಷ್ಟು. ಪಾಸ್ಟರ್ ಆಗಿ 11 ವರ್ಷದಿಂದ ಸಭೆ (ಚರ್ಚ್) ನಡೆಸುತ್ತಿದ್ದೀರಿ. 60 ಜನ ಇದ್ದಲ್ಲಿ ಈಗ 9 ಜನ. ಹಾಲ್‌ನವರು ಜಾಗ ಖಾಲಿ ಮಾಡಿ ಎಂದಿದ್ದಾರೆ. ಅಕ್ಕಪಕ್ಕದವರು ಜಗಳಕ್ಕೆ ಬಂದು ಹೋದರು. ನೀವೇ ದೀಕ್ಷಾಸ್ನಾನ ಕೊಟ್ಟವರು ಬೇರೆ ಸಭೆ ಸೇರಿ ನಿಮ್ಮನ್ನೇ ಆಡಿಕೊಳ್ಳುತ್ತಿದ್ದಾರೆ. ಆದರೂ ಪ್ರತಿ ಭಾನುವಾರ 40 ಕುರ್ಚಿ ಹಾಕುತ್ತೀರಿ. ಆರಾಧನೆ ಮುಗಿದ ಮೇಲೆ ಒಬ್ಬರೇ ಮಡಚಿಡುತ್ತೀರಿ. ಹಿರಿಯ ಪಾಸ್ಟರ್ ಹತ್ತಿರ ಹೇಳಿಕೊಂಡರೆ 'ನಿನ್ನ ಪ್ರಾರ್ಥನೆ ಸಾಲದು' ಎಂದು ಕಳಿಸಿದರು. ಸೇವೆ ಬಿಡಲೋ, ಮುಂದುವರಿಸಲೋ ಎಂದು ಕೇಳಿದ್ದೀರಿ.

ನನ್ನನ್ನು ಬಿಡದ ಸಾಲು ಇದು: 'ಅಮ್ಮನನ್ನು ನೋಡಿಕೊಳ್ಳಬೇಕಾದ್ದರಿಂದ ನನ್ನ ಹೆಂಡತಿ ಒಂದು ವರ್ಷದಿಂದ ಆರಾಧನೆಗೆ ಬಂದಿಲ್ಲ. ಅವಳಿಗೆ ಎಲ್ಲ ಚೆನ್ನಾಗಿದೆ ಎಂದೇ ಹೇಳಿದ್ದೇನೆ. ಸುಮ್ನೆ ಅವಳಿಗ್ಯಾಕೆ ಚಿಂತೆ?'

ನಿಮ್ಮ ತಾಯಿಯ ಹಾಸಿಗೆ ಬದಲಿಸುವವರು ಅವರು. ನಿಮ್ಮ ಸಭೆಯಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂಬುದು ಅವರಿಗೇ ಗೊತ್ತಿಲ್ಲ ಅಂದರೆ ಹೇಗೆ? ಅವರಿಗೆ ಗೊತ್ತೇ ಇರುತ್ತದೆ ಬಿಡಿ. ನಾನೂ ಪಾಸ್ಟರ್ ಮಗಳು. ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿನಲ್ಲೇ ಅವತ್ತಿನ ಸಭೆ ಹೇಗಾಯಿತೆಂದು ಅಮ್ಮನಿಗೆ ತಿಳಿಯುತ್ತಿತ್ತು. ಕೇಳುತ್ತಿರಲಿಲ್ಲ, ಅಷ್ಟೆ.

ಆ ಹಿರಿಯ ಪಾಸ್ಟರ್ ಮೇಲೆ ನನಗೆ ಸಿಟ್ಟು ಜಾಸ್ತಿ. ಬೈಬಲಿನ ಒಂದನೆಯ ಅರಸುಗಳು ಪುಸ್ತಕದ 19ನೇ ಅಧ್ಯಾಯದ ಮೇಲೆ ಅವರೂ ಎಷ್ಟೋ ಪ್ರಸಂಗ ಮಾಡಿರುತ್ತಾರೆ. ರಾಣಿ ಈಜೆಬೆಲಳಿಗೆ ಹೆದರಿ ಓಡಿದ ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು 'ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು' ಎಂದ. ದೇವದೂತ ಬಂದು ಉಪವಾಸ ಮಾಡು ಎಂದನೇ? ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಹೊಟ್ಟೆಗಿಲ್ಲದವರಿಗೆ, ನಿದ್ದೆಗೆಟ್ಟವರಿಗೆ ಉಪದೇಶ ಮಾಡಬಾರದು ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ!

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ, ಪ್ರಸಂಗಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಎಲೀಯ ತನ್ನ ಸೇವಕನನ್ನು ಬೇರ್ಷೆಬ ಎಂಬ ಊರಲ್ಲೇ ಬಿಟ್ಟು ಒಬ್ಬನೇ ಅಡವಿಗೆ ಹೋದ. ಆಮೇಲೆ 'ನಾನೊಬ್ಬನೇ ಉಳಿದಿದ್ದೇನೆ' ಎಂದು ದೂರಿದ. ದೇವರು ಕೊಟ್ಟ ಲೆಕ್ಕ ಏನು ಗೊತ್ತಾ? ತನಗೆ ನಿಷ್ಠರಾಗಿ ಉಳಿದವರು 7,000. ನೀವೂ ನಿಮ್ಮ ಜೊತೆಯವರನ್ನು ಬೇರ್ಷೆಬದಲ್ಲಿ ಬಿಟ್ಟು ಬಂದಿದ್ದೀರಿ.

ತಾಳ್ಮೆ ಅಂದಕೂಡಲೇ ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿಯ ಕತೆ ಬರುತ್ತದೆ. 1793ರಲ್ಲಿ ಬಂಗಾಳಕ್ಕೆ ಬಂದವರು ಮೊದಲ ಹಿಂದೂ ವಿಶ್ವಾಸಿಗೆ ದೀಕ್ಷಾಸ್ನಾನ ಕೊಟ್ಟಿದ್ದು 1800ರಲ್ಲಿ. ನಿಜ, ದೊಡ್ಡ ಮಾತು. ಆದರೆ ಬರಲು ಮನಸ್ಸಿಲ್ಲದೆಯೇ ಬಂದ ಅವರ ಹೆಂಡತಿ ಡೊರೊಥಿ, ಇಲ್ಲಿ ಪುಟ್ಟ ಮಗನನ್ನು ಕಳೆದುಕೊಂಡು, ಮನಸ್ಸಿನ ಸ್ಥಿಮಿತ ತಪ್ಪಿ, 1807ರಲ್ಲಿ ತೀರಿಕೊಂಡರು. ಕೇರಿಯ ಏಳು ವರ್ಷ ಎಣಿಸುವವರು ಆಕೆಯ ವರ್ಷಗಳನ್ನೂ ಎಣಿಸಲಿ.

ಅಪೊಸ್ತಲ ಪೌಲನನ್ನು ನೋಡಿ. ಜೀವದ ಆಸೆಯೇ ಹೋಗಿತ್ತು ಎಂದು ಕೊರಿಂಥದ ಸಭೆಯವರಿಗೆ ಬರೆದ. ಅದೂ 'ಇದು ನಿಮಗೆ ತಿಳಿದಿರಲಿ' ಎಂದು. ಪೌಲನಿಗೇ ಇಲ್ಲದ ಬಿಗುಮಾನ ನಮಗೆ ಯಾಕೆ?

ಹಾಲ್ ಹೋದರೆ ಹೋಗಲಿ. ಪೌಲನ ಜೊತೆ ಸೇವೆ ಮಾಡಿದ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲೇ ಸಭೆ ಕೂಡುತ್ತಿತ್ತು. ನಿಮ್ಮ ಮನೆಯಲ್ಲಿ 9 ಜನ ಕೂರಬಹುದು, ಹತ್ತನೆಯವರಾಗಿ ನಿಮ್ಮ ಹೆಂಡತಿಯೂ ಕೂರಬಹುದು. ಆದರೆ ಅದನ್ನು ನೀವು ಅಥವಾ ನಾನು ತೀರ್ಮಾನಿಸುವಂತಿಲ್ಲ. ಸೇವೆ ಬಿಡುವ ಮಾತೂ ಅಷ್ಟೇ, ಅದನ್ನು ಇಬ್ಬರೂ ಕೂತು ಮಾತಾಡಿದ ಮೇಲೆ ನೋಡೋಣ.

ಸದ್ಯಕ್ಕೆ ಒಂದೇ ಕೆಲಸ ಮಾಡಿ. ಇವತ್ತು ರಾತ್ರಿ ಅಮ್ಮ ಮಲಗಿದ ಮೇಲೆ ನನಗೆ ಬರೆದ ಪತ್ರವನ್ನು ನಿಮ್ಮ ಹೆಂಡತಿಗೆ ಓದಿ ಹೇಳಿ. ನಾಲ್ಕನೇ ಪುಟ ಹಾರಿಸಬೇಡಿ.