ಫೆದರ್‌ಸ್ಟೋನ್‌ಹಾ ಎಂದು ಬರೆದು ‘ಫ್ಯಾನ್‌ಶಾ’ ಎಂದು ಓದುವ ಬ್ರಿಟಿಷ್ ಅಡ್ಡಹೆಸರು ಎಲ್ಲಿಯದು?

ಈ ಅಪರೂಪದ ಅಡ್ಡಹೆಸರಿನ ತವರು ಇಂಗ್ಲೆಂಡಿನ ಉತ್ತರದಂಚಿನ ನಾರ್ಥಂಬರ್ಲೆಂಡ್. ಅಲ್ಲಿ ಹಾಲ್ಟ್‌ವಿಸಲ್ ಪಟ್ಟಣದ ಬಳಿ, ದಕ್ಷಿಣ ಟೈನ್ ನದಿಯ ಪಕ್ಕದಲ್ಲಿ ಫೆದರ್‌ಸ್ಟೋನ್ ಕೋಟೆ ಇಂದಿಗೂ ನಿಂತಿದ್ದು, ಆ ಸ್ಥಳದ ಹೆಸರನ್ನೇ ಅದರ ಒಡೆಯರು ಮನೆತನಕ್ಕೆ ಇಟ್ಟುಕೊಂಡರು. ಕೇಳಿದೊಡನೆ ಹಕ್ಕಿಯ ಗರಿ ನೆನಪಾಗುವುದು ಸಹಜವಾದರೂ ಇದರಲ್ಲಿ ಗರಿಯೇನೂ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಮೊದಲ ಪದಕ್ಕೆ ನಾಲ್ಕು ಎಂಬ ಅರ್ಥವಿದ್ದುದರಿಂದ, ‘ನಾಲ್ಕು ಕಲ್ಲುಗಳ ರಚನೆಯಿದ್ದ ನೆಲದ ಮೂಲೆ’ ಎಂಬ ವಿವರಣೆಯೇ ಸರಿಯೆನಿಸುತ್ತದೆ.

ಹೆಸರು ದಕ್ಷಿಣಕ್ಕೂ ಇಳಿಯಿತು. ನ್ಯೂಕ್ಯಾಸಲ್ ಮೂಲದ ಸರ್ ಮ್ಯಾಥ್ಯೂ 1747ರಲ್ಲಿ ಸಸೆಕ್ಸಿನ ಅಪ್‌ಪಾರ್ಕ್ ಬಂಗಲೆಯನ್ನು ಕೊಂಡರು. ಅವರ ಮಗ ಸರ್ ಹ್ಯಾರಿ 1825ರಲ್ಲಿ, ತಮ್ಮ 70ನೆಯ ವಯಸ್ಸಿನಲ್ಲಿ, ಮನೆಯ ಹೈನಿನ ಕೆಲಸಕ್ಕಿದ್ದ ತರುಣಿಯನ್ನೇ ಮದುವೆಯಾದರು. ಅಟ್ಲಾಂಟಿಕ್ ದಾಟಿದ ಜಾರ್ಜ್ ವಿಲಿಯಂ ಫೆದರ್‌ಸ್ಟೋನ್‌ಹಾ 1834ರಲ್ಲಿ ಅಮೆರಿಕ ಸರ್ಕಾರದ ಮೊದಲ ಭೂವಿಜ್ಞಾನಿಯಾಗಿ ನೇಮಕಗೊಂಡರು.