ಮಗಳು ಪಿಯಾನೊ ಕಛೇರಿ ಕೊಡಬೇಕಂತೆ

ಪ್ರಶ್ನೆ: ಮಗಳಿಗೆ 11 ವರ್ಷ. ಮೂರು ವರ್ಷದಿಂದ 61 ಕೀಗಳ ಕೀಬೋರ್ಡ್ ನುಡಿಸುತ್ತಿದ್ದಾಳೆ. ದೊಡ್ಡವಳಾದ ಮೇಲೆ ಪಿಯಾನೊ ಕಛೇರಿ ಕೊಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಶಿರಸಿಯಲ್ಲಿದ್ದುಕೊಂಡು ಆಗುವ ಮಾತಾ? ತಡವಾಯ್ತಾ?
– ಒಬ್ಬ ತಾಯಿ, ಶಿರಸಿ

ಉತ್ತರ: ತಂಗಿ, ತಡವಾಗಿಲ್ಲ. ಆದರೆ ಇನ್ನು ಕಾಯುವ ಹಾಗೂ ಇಲ್ಲ. ಈ ದಾರಿ ಹಿಡಿದ ಎಷ್ಟೋ ಮಕ್ಕಳು ಐದಾರು ವರ್ಷಕ್ಕೇ ಶುರು ಮಾಡಿರುತ್ತಾರೆ.

ಮೊದಲು ವಾದ್ಯ ಬದಲಿಸಿ. ಪಿಯಾನೊಕ್ಕೆ 88 ಕೀ. ಒಂದನ್ನು ಒತ್ತಿದರೆ ಒಳಗೊಂದು ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಆ ಭಾರ ಬೆರಳಿಗೆ ಗೊತ್ತಾಗಬೇಕು. ಹಗುರ ಕೀಬೋರ್ಡಿನಲ್ಲಿ ಎಷ್ಟು ವರ್ಷ ನುಡಿಸಿದರೂ ಅದು ಬರುವುದಿಲ್ಲ. ನಿಜವಾದ ಪಿಯಾನೊ ಈಗಲೇ ಬೇಡ, ಭಾರದ ಕೀಗಳಿರುವ 88 ಕೀಯ ಡಿಜಿಟಲ್ ಪಿಯಾನೊ ಸದ್ಯಕ್ಕೆ ಸಾಕು.

ನಿಮ್ಮ ಕಡೆಯ ಒಬ್ಬ ಹುಡುಗಿ ನನ್ನ ಹತ್ತಿರ ಕಾರವಾರಕ್ಕೆ ಬರುತ್ತಿದ್ದಳು. ಹಾರ್ಮೋನಿಯಂ ಚೆನ್ನಾಗಿ ಬರುತ್ತಿತ್ತು. ಮೊದಲ ದಿನ ಬಲಗೈ ಕೀ ಮೇಲಿಟ್ಟಳು, ಎಡಗೈ ಸುಮ್ನೆ ಮಡಿಲಲ್ಲೇ ಇತ್ತು. ಗಾಳಿ ಹಾಕುವುದು ಬಿಟ್ಟು ಆ ಕೈಗೆ ಬೇರೆ ಕೆಲಸವೇ ಗೊತ್ತಿರಲಿಲ್ಲ. ಜರ್ಮನಿಯ ಸಂಗೀತ ರಚನಕಾರ ಬಾಕ್, ಕಲಿಯುವವರಿಗೆಂದೇ ಬರೆದ, ಇನ್ವೆನ್ಶನ್ ಎಂಬ 15 ಪುಟ್ಟ ಕೃತಿಗಳಿವೆ. ಎರಡು ದನಿ, ಕೈಗೊಂದರಂತೆ. ಅದರಲ್ಲಿ ಒಂದರ ಎಡಗೈ ಭಾಗವನ್ನು ಮಾತ್ರ ಆರು ವಾರ ನುಡಿಸಿದಳು. ಎರಡೇ ಸಾಲನ್ನು ಮುಕ್ಕಾಲು ಗಂಟೆ ನುಡಿಸಿದರೂ ಮುಖ ಸಪ್ಪಗಾಗುತ್ತಿರಲಿಲ್ಲ. ನಿಮ್ಮ ಮಗಳಲ್ಲಿ ನಾನು ನೋಡುವುದು ಇದನ್ನೇ. ವೇದಿಕೆ ಆಸೆ ಎಲ್ಲ ಮಕ್ಕಳಿಗೂ ಇರುತ್ತೆ, ಅಲ್ವಾ?

ಗುರುಗಳಿಗಾಗಿ ಗೋವಾ ಕಡೆ ನೋಡಿ. ಪಣಜಿಯ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗವಿದೆ. ನಾನೂ ಭಾನುವಾರ ಬಸ್ಸು ಹತ್ತಿ ಮಡಗಾಂವಿಗೆ ಹೋಗಿ ಕಲಿತವಳು. ಶಿರಸಿಯಿಂದ ವಾರವಾರ ಕಷ್ಟ. ತಿಂಗಳಿಗೆರಡು ಸಲ ಎದುರು ಕೂತು, ಉಳಿದದ್ದು ವಿಡಿಯೊದಲ್ಲಿ ಕಲಿಯಲಿ. ಪೂರ್ತಿ ವಿಡಿಯೊ ಪಾಠ ಬೇಡ. ಮಣಿಕಟ್ಟು ಬಿಗಿಯಾಗಿದೆಯಾ ಅಂತ ಮುಟ್ಟಿ ನೋಡಬೇಕಾಗುತ್ತದೆ.

ಲಂಡನ್ನಿನ ಎಬಿಆರ್‌ಎಸ್‌ಎಂ, ಟ್ರಿನಿಟಿ ಎಂಬ ಮಂಡಳಿಗಳ ಸಂಗೀತ ಪರೀಕ್ಷೆಗಳಿಗೆ ಎಂಟು ಗ್ರೇಡ್ ಇವೆ, ಬರೆಸಿ. ಎಂಟನೆಯದು ಮುಗಿದರೆ ಕನ್ಸರ್ವೇಟರಿಯ, ಅಂದರೆ ಸಂಗೀತದ ಕಾಲೇಜಿನ, ಬಾಗಿಲಿಗೆ ಬಂದಳು, ಅಷ್ಟೇ. ಅಲ್ಲಿ ಸೇರಲು ನುಡಿಸಿ ತೋರಿಸುವ ಆಡಿಷನ್ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಬಾಕ್‌ನ ಒಂದು ಪ್ರಿಲ್ಯೂಡ್ ಮತ್ತು ಫ್ಯೂಗ್ (ಒಂದೇ ರಾಗವನ್ನು ಹಲವು ದನಿಗಳು ಸರದಿಯಲ್ಲಿ ಹಿಡಿಯುವ ಕೃತಿ), ಬೀಥೋವನ್ ಅಥವಾ ಮೊಜಾರ್ಟ್ ಸೊನಾಟಾ (ಹಲವು ಭಾಗಗಳ ದೊಡ್ಡ ಕೃತಿ), ಶೋಪಾನ್ ಎಟ್ಯೂಡ್ (ಕೈ ಪಳಗಿಸುವ ಅಭ್ಯಾಸ ಕೃತಿ) ಕೇಳುತ್ತಾರೆ. ಪುಸ್ತಕ ನೋಡದೆ ನುಡಿಸಬೇಕು. ನಾನು 17ನೇ ವಯಸ್ಸಿಗೆ ಅಂಥ ಆಡಿಷನ್ ಕೊಟ್ಟೆ. ಫ್ಯೂಗಿನ ನಡುವೆ ಒಂದು ಸ್ವರ ತಪ್ಪಿತು. ಮುಂದೆ ಕೈ ಓಡಲೇ ಇಲ್ಲ. ಬೆರಳಿಗೆ ಬಾಯಿಪಾಠವಾಗಿತ್ತು, ತಲೆಗೆ ಆಗಿರಲಿಲ್ಲ. ಇವತ್ತಿಗೂ ಆ ಮೌನ ನೆನಪಿದೆ. ಅದಕ್ಕೇ ನನ್ನ ಹತ್ತಿರ ಕಲಿಯುವ ಮಕ್ಕಳಿಗೆ ಇದ್ದಕ್ಕಿದ್ದಂತೆ ‘ಒಂಬತ್ತನೇ ಬಾರ್‌ನಿಂದ ಶುರು ಮಾಡು’ ಅನ್ನುತ್ತೇನೆ. ಬಾರ್ ಅಂದರೆ ತಾಳದ ಒಂದು ಆವರ್ತ.

ಖರ್ಚಿನ ಮಾತು. ಅಮೆರಿಕದ ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಸಂಸ್ಥೆ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ, ಆದರೆ ಸೇರಿಸಿಕೊಳ್ಳುವುದು ಬೆರಳೆಣಿಕೆಯಷ್ಟು ಜನರನ್ನು. ಜರ್ಮನಿಯ ಹೆಚ್ಚಿನ ಸರ್ಕಾರಿ ಸಂಗೀತ ಶಾಲೆಗಳಲ್ಲಿ ಶುಲ್ಕ ತೀರಾ ಕಡಿಮೆ. ಭಾಷೆ ಮಾತ್ರ ಕಲಿತಿರಬೇಕು. ಆಮೇಲೆ ಸ್ಪರ್ಧೆಗಳು. ಪೋಲೆಂಡಿನ ವಾರ್ಸಾದ ಶೋಪಾನ್ ಪಿಯಾನೊ ಸ್ಪರ್ಧೆ 1927ರಿಂದ ಇದೆ, ಈಗ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಬರೀ ಕಛೇರಿಯಿಂದ ಬದುಕುವವರು ಬಹಳ ಕಡಿಮೆ. ಹೆಚ್ಚಿನವರು ಪಾಠ ಹೇಳುತ್ತಾರೆ, ಹಾಡುಗಾರರ ಜೊತೆ ನುಡಿಸುತ್ತಾರೆ. ಮಗಳಿಗೆ ಇದನ್ನು ಈಗಲೇ ಹೇಳಿ, ಮುಚ್ಚಿಡಬೇಡಿ. ಕೇಳಿದ ಮೇಲೂ ನಾಳೆ ಬೆಳಿಗ್ಗೆ ತಾನಾಗೇ ಬಂದು ಕೂತರೆ, ರಜೆಯಲ್ಲಿ ಒಮ್ಮೆ ನನ್ನ ಹತ್ತಿರ ಕರೆದುಕೊಂಡು ಬನ್ನಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಹಳೇ ಪಿಯಾನೊದ ಕೀಗಳು ಒತ್ತಿದರೆ ಮೇಲೇಳುವುದಿಲ್ಲ. ಏನು ಮಾಡಲಿ?
– ಓದುಗರು, ಕುಮಟಾ

ಉತ್ತರ: ಮರವೂ ಒಳಗಿನ ಉಣ್ಣೆ ಬಟ್ಟೆಯೂ ನೀರು ಹೀರಿ ಉಬ್ಬಿವೆ. ಹೊರಗೋಡೆಗೆ ತಾಗಿಸಿ ಇಡಬೇಡಿ. ಕೋಣೆಗೆ ತೇವ ಎಳೆಯುವ ಯಂತ್ರ ಹಾಕಿ, ತೇವ ಶೇ. 50ರ ಆಸುಪಾಸು ಇರಲಿ. ಶ್ರುತಿ ಮಾಡುವವರನ್ನು ಮಳೆ ಪೂರ್ತಿ ನಿಂತ ಮೇಲೆ ಕರೆಸಿ. ಸುಮಾರು 230 ತಂತಿಗಳಿರುತ್ತವೆ, ಆಷಾಢದಲ್ಲಿ ಶ್ರುತಿ ಮಾಡಿಸಿದರೆ ದೀಪಾವಳಿಗೆ ಮತ್ತೆ ಇಳಿದಿರುತ್ತದೆ. ಕೀ ಸಂದಿಗೆ ತೆಂಗಿನೆಣ್ಣೆ ಮಾತ್ರ ಬಿಡಲೇಬೇಡಿ.